ಬೇಲಿಯ ಮೇಲೆ ಹದಿನಾಲ್ಕು ಸ್ವೆಟರು

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲಿ ನಡೆದ ಎಡವಟ್ಟಿನಲ್ಲಿ ಅರ್ಧ ಪಾಲು ನನ್ನ ಕೋಪದ್ದು, ಇನ್ನರ್ಧ ನನ್ನ ಅಚ್ಚುಕಟ್ಟುತನದ್ದು. ಮೂವತ್ತೆರಡು ವರ್ಷ ಸರ್ಕಾರಿ ನರ್ಸಾಗಿದ್ದವಳು ನಾನು. ಮಡಿಸಿಟ್ಟ ಬಟ್ಟೆಯ ಅಂಚು ಒಂದಕ್ಕೊಂದು ಕೂಡಿರದಿದ್ದರೆ ನನಗೆ ಊಟ ಸೇರುವುದಿಲ್ಲ. ನನ್ನ ಹೆಸರು ಸುವಾರ್ತಮ್ಮ ಎಂಬುದು ನಮ್ಮ ಚರ್ಚಿನವರಿಗೆ ಮಾತ್ರ ಗೊತ್ತು. ಚಿಕ್ಕಬಳ್ಳಾಪುರದ ಮಿಕ್ಕವರಿಗೆಲ್ಲ ನಾನು ನರ್ಸಮ್ಮ.

ನಮ್ಮೂರು ಜಿಲ್ಲಾ ಕೇಂದ್ರವಾದ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಕ್ರಿಸ್ಮಸ್ಸಿಗೆ ಬಡ ಮಕ್ಕಳಿಗೆ ಏನು ಕೊಡುವುದೆಂಬ ಮಾತು ನಮ್ಮ ಸ್ತ್ರೀಯರ ಕೂಟದಲ್ಲಿ ಜೂನ್ ತಿಂಗಳಿಗೇ ಬಂತು. ಹಿಂದಿನ ವರ್ಷ ಪೆನ್ಸಿಲ್ ಡಬ್ಬಿ ಕೊಟ್ಟಿದ್ದೆವು, ಅದರ ಹಿಂದಿನ ವರ್ಷ ಸ್ಟೀಲ್ ಲೋಟ. ಈ ಸಲ ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಒಂದು ಕಾಗದ ಓದಿದರು. ಜಂಗಮಕೋಟೆಯ ಆಚೆಗಿನ ಒಂದು ಪುಟ್ಟ ಹಳ್ಳಿಯ ಶಾಲೆಯ ಮೇಷ್ಟ್ರು ನರಸಿಂಹಮೂರ್ತಿ ಬರೆದದ್ದು. ತಮ್ಮ ಶಾಲೆಯ ಹದಿನಾಲ್ಕು ಮಕ್ಕಳು ಡಿಸೆಂಬರಿನ ಚಳಿಯಲ್ಲೂ ಮನೆಯ ಹೊರಗೆ ಜಗಲಿಯ ಮೇಲೆ ಮಲಗುತ್ತಾರೆ ಎಂದು ಅದರಲ್ಲಿತ್ತು. ಕೆಳಗೆ ಹೆಸರು, ವಯಸ್ಸು. ಏಕೆ ಹೊರಗೆ ಮಲಗುತ್ತಾರೆ ಎಂದು ಮೇಷ್ಟ್ರು ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ಬಡವರು, ಮನೆ ಚಿಕ್ಕದಿರಬೇಕು ಅಂದುಕೊಂಡೆವು.

ಅಂಗಡಿಯ ಸ್ವೆಟರ್ ಬೇಡ, ಕೈಯಲ್ಲೇ ಹೆಣೆಯೋಣ ಎಂದವಳು ನಾನೇ. ಕೆಂಪು ಉಣ್ಣೆ ತರಿಸಿದೆವು. ಆರು ಜನ ಹೆಂಗಸರು ಆರು ತಿಂಗಳು ಕೂತು ಹೆಣೆದೆವು. ಒಂದೊಂದು ಸ್ವೆಟರ್ ಶುರುಮಾಡುವ ಮೊದಲು ಆ ಮಗುವಿನ ಹೆಸರು ಹೇಳಿ ಪ್ರಾರ್ಥನೆ ಮಾಡುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ನನ್ನ ಪಾಲಿಗೆ ಬಂದ ಮೊದಲ ಹೆಸರು ಲಾವಣ್ಯ, ಹತ್ತು ವರ್ಷ. ಮುಗಿದವನ್ನೆಲ್ಲ ನನ್ನ ಮನೆಯ ಟ್ರಂಕಿನಲ್ಲಿ ಇಡುತ್ತಾ ಬಂದೆ. ಉಣ್ಣೆ ಎಂದರೆ ಹುಳು ಹಿಡಿಯುವ ಪದಾರ್ಥ. ಆದ್ದರಿಂದ ಪ್ರತಿ ಸ್ವೆಟರಿನ ಮಡಿಕೆಯಲ್ಲೂ ಎರಡೆರಡು ಡಾಂಬರು ಗುಳಿಗೆ ಇಟ್ಟೆ, ಟ್ರಂಕಿನ ಮೂಲೆಗಳಿಗೆ ಇನ್ನೊಂದು ಹಿಡಿ ಹಾಕಿದೆ. ಮುಚ್ಚಳ ತೆಗೆದರೆ ಆ ಬಿಳಿ ಗುಂಡುಗಳ ವಾಸನೆ ಮೂಗಿಗೆ ರಪ್ಪನೆ ಹೊಡೆಯುತ್ತಿತ್ತು. ನನ್ನ ಪಾಲಿಗೆ ಅದು ಶುಚಿಯ ವಾಸನೆ. ಅದೇ ಟ್ರಂಕಿನ ತಳದಲ್ಲಿ ನನ್ನ ಕ್ರಿಸ್ಮಸ್ಸಿನ ರೇಷ್ಮೆ ಸೀರೆಯೂ ಇರುತ್ತದೆ. ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ.

ಹಬ್ಬಕ್ಕೆ ಮೂರು ದಿನ ಮುಂಚೆ, ಶನಿವಾರ ಮಧ್ಯಾಹ್ನ, ಟೆಂಪೋ ಮಾಡಿಕೊಂಡು ಆ ಶಾಲೆಗೆ ಹೋದೆವು. ಅಯ್ಯನವರು ಎರಡು ಮಾತು ಆಡಿದರು, ನಾವು ಎರಡು ಹಾಡು ಹೇಳಿದೆವು, ಮಕ್ಕಳು ಸಾಲಾಗಿ ಬಂದು ಸ್ವೆಟರ್ ಈಸಿಕೊಂಡರು. ಲಾವಣ್ಯ ಎಂದು ಕೂಗಿದಾಗ ಎದ್ದು ಬಂದದ್ದು ಒಂದು ಸಣಕಲು ಹುಡುಗಿ. ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು.

"ಯಾವ ಕ್ಲಾಸಮ್ಮಾ?" ಎಂದು ಕೇಳಿದೆ.

"ಐದು. ಹುಳ ಗೂಡು ಕಟ್ಟಿದ್ರೆ ಆರಕ್ಕೆ ಹೋಗ್ತೀನಿ," ಎಂದಿತು.

ಅದೇನು ಲೆಕ್ಕವೋ ನನಗೆ ತಿಳಿಯಲಿಲ್ಲ. ಮೇಷ್ಟ್ರು ಪಕ್ಕಕ್ಕೆ ಕರೆದು ಹೇಳಿದರು. ಹುಡುಗಿಗೆ ತಂದೆ ತಾಯಿ ಇಲ್ಲ. ಅಜ್ಜಿ ರಾಮಲಕ್ಷ್ಮಮ್ಮ ಬೇರೆಯವರ ತೋಟದ ಹಿಪ್ಪುನೇರಳೆ ಸೊಪ್ಪು ಪಾಲಿಗೆ ತಂದು ರೇಷ್ಮೆ ಹುಳು ಸಾಕುತ್ತಾಳೆ. ಕಳೆದ ಬೆಳೆ ಕೈಕೊಟ್ಟಾಗ ದೊಡ್ಡ ಮೊಮ್ಮಗಳು ಅಮೃತಳನ್ನು ಶಾಲೆ ಬಿಡಿಸಿ ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಒಂದು ಶೆಡ್ಡಿಗೆ ಸೇರಿಸಬೇಕಾಯಿತು. ಈ ಬೆಳೆಯೂ ಹೋದರೆ ಸಂಕ್ರಾಂತಿ ಕಳೆದ ಮೇಲೆ ಲಾವಣ್ಯಳೂ ಅಲ್ಲಿಗೇ. ಬೆಳೆ ಉಳಿದರೆ ಶಾಲೆಯಲ್ಲೇ ಉಳಿಸುತ್ತೇನೆಂದು ಅಜ್ಜಿ ಮೇಷ್ಟ್ರಿಗೆ ಮಾತು ಕೊಟ್ಟಿದ್ದಾಳೆ.

ಆ ಶೆಡ್ಡುಗಳ ಮಕ್ಕಳ ಕೈಗಳಿಗೆ ನಾನು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ್ದೇನೆ. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿಯ ಚರ್ಮ ಬೆಳ್ಳಗಾಗಿ ಸುಲಿದಿರುತ್ತದೆ. ಲಾವಣ್ಯಳ ಬೆರಳುಗಳನ್ನು ಇನ್ನೊಮ್ಮೆ ನೋಡಿದೆ. ಸೊಪ್ಪಿನ ಹಸಿರು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ದೇವರೇ ಇವಳ ಬೆರಳು ಹೀಗೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಟೆಂಪೋ ಹತ್ತಿದೆ.

ಸೋಮವಾರ ಸಂಜೆ ಕೇಕಿಗೆ ಮೈದಾ ತರಲು ಹೋದಾಗ, ಆ ಕಡೆಯಿಂದ ಹಾಲಿನ ವ್ಯಾನು ತರುವ ಕೋನಪ್ಪ ಸಿಕ್ಕಿದ.

"ನರ್ಸಮ್ಮಾ, ನೀವು ಕೊಟ್ಟ ಸ್ವೆಟರೆಲ್ಲ ಊರಾಚೆ ಬೇಲಿ ಮೇಲವೆ. ಒಂದು ಮಗೂನೂ ಹಾಕ್ಕೊಂಡಿಲ್ಲ," ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ಆರು ತಿಂಗಳ ಕೆಲಸ, ಬೇಲಿಯ ಮೇಲೆ! ಕೂಟದ ಹೆಂಗಸರಿಗೆ ಹೇಳಿದೆ. ಒಬ್ಬಾಕೆ, "ಚರ್ಚಿನೋರು ಕೊಟ್ಟಿದ್ದು ಬೇಡ ಅಂತ ಮನೇಲಿ ದೊಡ್ಡೋರು ಅಂದಿರ್ತಾರೆ, ಬಿಡಿ," ಎಂದಳು. ಅದು ನನ್ನ ಎದೆಗೆ ಚುಚ್ಚಿತು. ಅಯ್ಯನವರು ಮಾತ್ರ, "ಕೇಳ್ದೆ ತೀರ್ಮಾನ ಮಾಡ್ಬೇಡಿ ಸುವಾರ್ತಮ್ಮ," ಎಂದರು. ಕೇಳಿಯೇ ಬರುತ್ತೇನೆ ಎಂದೆ. ಕೇಳುವ ಉದ್ದೇಶ ನನಗೆ ಒಂದಿಷ್ಟೂ ಇರಲಿಲ್ಲ. ನಾಲ್ಕು ಜನರೆದುರು ಚೆನ್ನಾಗಿ ಜಾಡಿಸಿ ಬರುವುದೆಂದು ಹೊರಟವಳು ನಾನು.

ಕ್ರಿಸ್ಮಸ್ ದಿನ ಬೆಳಗಿನ ಜಾವದ ಆರಾಧನೆ ಮುಗಿಯುತ್ತಲೂ, ಬಿರಿಯಾನಿಗೂ ನಿಲ್ಲದೆ, ಉಟ್ಟ ರೇಷ್ಮೆ ಸೀರೆಯಲ್ಲೇ ವಜೀರನ ಆಟೋ ಹತ್ತಿದೆ. ವಜೀರ ನಮ್ಮ ಬೀದಿಯವನೇ. ಶಿಡ್ಲಘಟ್ಟ ದಾಟುವವರೆಗೆ ನನ್ನ ಬೈಗುಳವನ್ನೆಲ್ಲ ಅವನೊಬ್ಬನೇ ಕೇಳಿಸಿಕೊಂಡ.

"ಅಮ್ಮಾ, ಹಬ್ಬದ ದಿನ ಯಾಕೆ ಇಷ್ಟು ಗರಂ ಆಗಿದೀರಾ?" ಎಂದ ಕೊನೆಗೆ.

"ನೀನು ರಸ್ತೆ ನೋಡ್ಕೊಂಡು ಓಡ್ಸಪ್ಪ," ಎಂದೆ.

ಊರಿಗೆ ಒಂದು ಕೂಗಳತೆ ಇರುವಾಗಲೇ ಕಂಡವು. ಪಾಳುಬಿದ್ದ ಒಂದು ಹೊಲದ ತಂತಿಬೇಲಿಯ ಮೇಲೆ, ತೋಳು ಚಾಚಿಕೊಂಡು, ಸಾಲಾಗಿ ಹದಿನಾಲ್ಕು ಕೆಂಪು ಸ್ವೆಟರು. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಬೇಲಿಯ ಬುಡದಲ್ಲಿ ಲಾವಣ್ಯ ಕುಳಿತಿದ್ದಳು, ತೋಳಿಲ್ಲದ ಹಳೆಯ ಫ್ರಾಕಿನಲ್ಲಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಪಕ್ಕದಲ್ಲೊಂದು ಕೋಲು. ಮೇಕೆಗಳು ಉಣ್ಣೆಗೆ ಬಾಯಿ ಹಾಕದಂತೆ ಕಾಯುತ್ತಿದ್ದಳೆಂದು ಆಮೇಲೆ ತಿಳಿಯಿತು.

"ಏನೇ ಲಾವಣ್ಯಾ! ನಾವೇನು ನಿಮ್ಮೂರ ಬೇಲಿಗೆ ಹೆಣೆದು ಕೊಟ್ವೇನೇ?" ಎಂದು ಕೂಗುತ್ತಲೇ ಆಟೋದಿಂದ ಇಳಿದು ಊರ ಕಡೆ ಬಿರಬಿರನೆ ನಡೆದೆ.

ಅವಳು ಎದ್ದು ಓಡಿಬಂದು ದಾರಿಗೆ ಅಡ್ಡ ನಿಂತಳು. ಎರಡೂ ಕೈಯಲ್ಲಿ ಕೋಲನ್ನು ಅಡ್ಡ ಹಿಡಿದಿದ್ದಳು.

"ನರ್ಸಮ್ಮಾ, ಅಲ್ಲೇ ನಿಲ್ಲಿ! ಮುಂದಕ್ ಬರ್ಬೇಡಿ, ನಿಮ್ಮ ದಮ್ಮಯ್ಯ!"

ಮುಖ ಬಾಡಿತ್ತು, ತುಟಿ ಒಡೆದಿತ್ತು, ಆದರೂ ಜಾಗ ಬಿಟ್ಟು ಕದಲಲಿಲ್ಲ. ಗಾಳಿಯನ್ನು ಎರಡು ಸಲ ಮೂಸಿದಳು.

"ನಿಮ್ಮ ಸೀರೇಲೂ ಅದೇ ವಾಸ್ನೆ," ಎಂದಳು. "ಬಿಳೀ ಗುಂಡಿನ ವಾಸ್ನೆ. ಹುಳಕ್ಕೆ ಆಗಲ್ಲ ನರ್ಸಮ್ಮ. ನಾಲ್ಕನೇ ಜ್ವರ ಎದ್ದು ಹಣ್ಣಾಗೋ ಹೊತ್ತು. ಈ ವಾಸ್ನೆ ತಗುಲಿದ್ರೆ ರಸ ಕಕ್ಕಿ ಸಾಯ್ತವೆ."

ಹುಳು ಪೊರೆ ಕಳಚುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಿಂದಿನಿಂದ ವಜೀರ, "ನಿಜಾ ಅಮ್ಮ, ನಮ್ ಮಾವನ ಮನೇಲಿ ಹುಳ ಇದ್ರೆ ನಾನು ಅತ್ತರ್ ಕೂಡ ಹಾಕ್ಕೊಂಡ್ ಹೋಗಲ್ಲ," ಎಂದ.

ಗೌರಿಬಿದನೂರು ಕಡೆ ಕೆಲಸದಲ್ಲಿದ್ದಾಗ ಎಷ್ಟೋ ಮನೆಗಳ ಹೆಂಗಸರು ನನ್ನನ್ನು ಬಾಗಿಲಲ್ಲೇ ತಡೆದಿದ್ದರು. "ಹುಳ ಇದೆ, ಒಳಗ್ ಬರ್ಬೇಡಿ," ಎನ್ನುತ್ತಿದ್ದರು. ಇಂಜೆಕ್ಷನ್ ತಪ್ಪಿಸಿಕೊಳ್ಳುವ ನೆಪ ಎಂದು ಅವರಿಗೂ ಜಾಡಿಸಿದ್ದೆ. ನನ್ನ ಮೈಯ ಔಷಧಿ ವಾಸನೆಯನ್ನು ಅವರು ತಡೆಯುತ್ತಿದ್ದರು ಎಂದು ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಕೂಗಾಟ ಕೇಳಿ ರಾಮಲಕ್ಷ್ಮಮ್ಮ ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಕೈತುಂಬ ಸೊಪ್ಪಿನ ಕಲೆ. ಅವಳೂ ಹತ್ತು ಮಾರು ದೂರದಲ್ಲೇ ನಿಂತು ಮಾತಾಡಿದಳು. ಶನಿವಾರ ಲಾವಣ್ಯ ಸ್ವೆಟರ್ ತೊಟ್ಟುಕೊಂಡೇ ಕುಣಿಯುತ್ತ ಮನೆಯೊಳಗೆ ಹೋಗಿದ್ದಳಂತೆ, ಅಜ್ಜಿಗೆ ತೋರಿಸಲು. ಬಾಗಿಲ ಪಕ್ಕದ ತಟ್ಟೆಯ ಹುಳುಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ಅತ್ತಿತ್ತ ಒದ್ದಾಡಿದವು.

"ನನ್ಗಿಂತ ಮುಂಚೆ ಇವ್ಳೇ ಕಂಡ್ಲು ತಾಯಿ," ಎಂದಳು ರಾಮಲಕ್ಷ್ಮಮ್ಮ. "ಅಜ್ಜೀ, ನಂದೇ ವಾಸ್ನೆ ಅಂತ ಕಿರಿಚ್ಕೊಂಡು ಆಚೆಗೆ ಓಡುದ್ಲು. ಮನೆ ಮುಂದೇನೂ ನಿಲ್ಲಿಲ್ಲ. ಮಿಕ್ಕಿದ್ ಮಕ್ಕಳು ಅವರವರ ಮನೆಗೆ ಹೋಗ್ತಿದ್ವಲ್ಲ, ಅಲ್ಲೂ ಹುಳ ಐತೆ, ಅವರ ಹಿಂದೆ ಓಡುದ್ಲು. ಎಲ್ಲರ್ನೂ ಬಾಗ್ಲಲ್ಲೇ ತಡ್ದು, ಬಿಚ್ಚಿಸಿ, ಈ ಬೇಲಿಗ್ ತಂದು ಹಾಕುದ್ಲು."

"ನಿಮ್ ಹುಳ?" ಎಂದೆ.

"ಬಾಗ್ಲ ತಟ್ಟೆ ಹೋಯ್ತು. ಮಿಕ್ಕಿದ್ದು ಇವತ್ತು ಹಣ್ಣಾಗ್ಬೇಕು. ಆದ್ರೆ ಉಂಟು, ಇಲ್ದಿದ್ರೆ ಇಲ್ಲ."

ಲಾವಣ್ಯಳ ಆರನೇ ಕ್ಲಾಸು ಆ ಮನೆಯ ಒಳಗೆ ತಟ್ಟೆಗಳ ಮೇಲೆ ಇತ್ತು. ಅದಕ್ಕೆ ವಿಷ ಹೊದಿಸಿ ಕಳಿಸಿದವಳು ನಾನು. ಪ್ರಾರ್ಥನೆ ಮಾಡಿ, ಗುಂಡಿ ಹೊಲಿದು, ಮಡಿಸಿ ಕೊಟ್ಟಿದ್ದೆ. ಇದನ್ನೆಲ್ಲ ಹೇಗೆ ಹೇಳುವುದೋ ತಿಳಿಯದೆ, "ತಪ್ಪಾಯ್ತು ರಾಮಲಕ್ಷ್ಮಮ್ಮ, ಉಣ್ಣೆಗೆ ಹುಳ ಬರ್ದಿರ್ಲಿ ಅಂತ ಹಾಕಿದ್ದೆ," ಎಂದೆ.

ಅವಳು ನಕ್ಕುಬಿಟ್ಟಳು. "ನೀವು ಹುಳ ಬರ್ಬಾರ್ದು ಅಂತೀರಿ, ನಾವು ಹುಳ ಬದುಕ್ಲಿ ಅಂತೀವಿ. ಇಬ್ರೂ ಮಕ್ಕಳು ಚೆನ್ನಾಗಿರ್ಲಿ ಅಂತ ತಾನೇ ತಾಯಿ."

ಹಾಗಿದ್ದರೆ ಹೊರಗೆ ಮಲಗುವಾಗಲಾದರೂ ಹಾಕಿಕೊಳ್ಳಬಹುದಿತ್ತಲ್ಲ, ಮೂರು ರಾತ್ರಿ ಈ ಚಳಿಯಲ್ಲಿ ಬರೀ ಮೈಯಲ್ಲಿ ಯಾಕೆ ಮಲಗಿದೆ ಎಂದು ಲಾವಣ್ಯಳನ್ನು ಕೇಳಿದೆ.

"ಬೆಳಿಗ್ಗೆ ಸೊಪ್ಪು ಹಾಕೋಕೆ ಒಳಕ್ಕೆ ಹೋಗ್ಬೇಕಲ್ಲ," ಎಂದಳು. "ಮೈಗೆ ಅಂಟ್ಕೊಂಡಿರುತ್ತೆ."

ಅಷ್ಟು ಹೇಳಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನನ್ನು ನೋಡಿದಳು. ಮೂವತ್ತೆರಡು ವರ್ಷದಲ್ಲಿ ನಾನು ಎಷ್ಟೋ ಜನರ ಧೈರ್ಯ ನೋಡಿದ್ದೇನೆ. ಹೆರಿಗೆಯ ಹೆಂಗಸರದು, ಸಾಯುವವರದು. ಆದರೆ ಹತ್ತು ವರ್ಷದ ಹುಡುಗಿಯೊಂದು ತನಗೆ ಇಷ್ಟವಾದ ಸ್ವೆಟರನ್ನು ಕಣ್ಣೆದುರಿಗೇ ಇಟ್ಟುಕೊಂಡು ನಡುಗುತ್ತ ಕಾದಂಥದ್ದನ್ನು ಎಲ್ಲೂ ನೋಡಿರಲಿಲ್ಲ.

"ಹಬ್ಬದ್ ದಿವ್ಸ ಬಂದೋರ್ನ ದಾರೀಲಿ ನಿಲ್ಲಿಸ್ಬಾರ್ದು," ಎಂದು ರಾಮಲಕ್ಷ್ಮಮ್ಮ ತನ್ನ ಒಗೆದ ಹತ್ತಿ ಸೀರೆಯೊಂದನ್ನು ತಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ನಾನು ತೆಗೆದುಕೊಂಡೆ. ತೆಂಗಿನ ಗರಿಯ ಮರೆಯಲ್ಲಿ ನಿಂತು ಸೀಗೆಪುಡಿ ಹಚ್ಚಿ ತಣ್ಣೀರು ಸುರಿದುಕೊಂಡೆ. ಸೋಪು ಕೂಡ ಬೇಡವೆಂದಿದ್ದಳು. ನನ್ನ ರೇಷ್ಮೆ ಸೀರೆ ಬೇಲಿಯ ಮೇಲೆ ಹದಿನೈದನೆಯದಾಗಿ ನೇತಾಡಿತು. ಲಾವಣ್ಯ ತಾನೂ ಮೈ ತೊಳೆದು ಬಂದು ನನ್ನ ಒದ್ದೆ ಕೂದಲು, ಕುತ್ತಿಗೆ, ಅಂಗೈ ಎಲ್ಲ ಮೂಸಿ ನೋಡಿ, "ಈಗ ಸರಿ," ಎಂದಳು. ಅಷ್ಟು ಕಟ್ಟುನಿಟ್ಟಾದ ಮೇಟ್ರನ್ನನ್ನು ನಾನು ನನ್ನ ಕೆಲಸದ ದಿನಗಳಲ್ಲೂ ಕಂಡಿರಲಿಲ್ಲ.

ಬಾಗಿಲು ತೆಗೆದ ಕೂಡಲೇ ಬೆಚ್ಚನೆಯ ಗಾಳಿ ಮುಖಕ್ಕೆ ಬಂತು. ಇಡೀ ಮನೆಗೆ ಇದ್ದದ್ದು ಒಂದೇ ಕೋಣೆ. ಮೂಲೆಯಲ್ಲಿ ಕೆಂಡದ ಒಲೆ. ನೆಲದಿಂದ ಸೂರಿನವರೆಗೆ ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ಹುಳು. ಮನುಷ್ಯರು ಕಾಲು ಚಾಚುವಷ್ಟೂ ಜಾಗವಿರಲಿಲ್ಲ. ಮಕ್ಕಳು ಜಗಲಿಯಲ್ಲಿ ಮಲಗುವುದು ಏಕೆಂದು ಆಗ ತಿಳಿಯಿತು. ಇದ್ದ ಒಂದು ಬೆಚ್ಚಗಿನ ಕೋಣೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ಮನೆಯವರು ಚಳಿಗೆ ಹೋಗಿದ್ದರು. ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ವಿಷಯ ಅಂದು ಬೆಳಿಗ್ಗೆಯೇ ಅಯ್ಯನವರು ಹೇಳಿದ್ದರು. ಅರವತ್ತು ವರ್ಷದಿಂದ ಅದನ್ನು ಕೇಳುತ್ತಿದ್ದೇನೆ. ಆ ಬಾಗಿಲಲ್ಲಿ ನಿಂತಾಗ ಅದನ್ನು ಮೊದಲ ಸಲ ಕೇಳಿದ ಹಾಗಾಯಿತು.

ಒಳಗೆ ಒಂದು ಸದ್ದಿತ್ತು. ಅಯ್ಯನವರು ವಾಕ್ಯದ ಸಂಖ್ಯೆ ಹೇಳಿದ ಕೂಡಲೇ ಸಭೆಯವರೆಲ್ಲ ಒಟ್ಟಿಗೆ ಹಾಳೆ ತಿರುವುತ್ತಾರಲ್ಲ, ಹಾಗೆ. ಹುಳು ಸೊಪ್ಪು ಮೇಯುವ ಸದ್ದು. ಲಾವಣ್ಯ ಸಾಲಿನ ಕೊನೆಯ ತಟ್ಟೆಯ ಹತ್ತಿರ ಹೋಗಿ ಕಿವಿಗೊಟ್ಟಳು. ಅಲ್ಲಿ ಸದ್ದಿರಲಿಲ್ಲ. ಇವೂ ಹೋದವು ಎಂದುಕೊಂಡೆ. ರಾಮಲಕ್ಷ್ಮಮ್ಮ ಓಡಿಬಂದಳು. ಇಬ್ಬರೂ ಬಗ್ಗಿ ನೋಡಿದರು. ಲಾವಣ್ಯ ಒಂದು ಹುಳುವನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ನಮ್ಮ ಚಿಕ್ಕಬಳ್ಳಾಪುರದ ಮಾಗಿದ ದ್ರಾಕ್ಷಿಯ ಹಾಗೆ ಬೆಳಕು ಅದರ ಮೈಯೊಳಗಿಂದ ಹಾದುಬಂತು.

"ಹಣ್ಣಾಗೈತೆ ಅಜ್ಜೀ! ಅದಕ್ಕೇ ಮೇಯ್ತಿಲ್ಲ!"

"ಅಯ್ಯೋ ದೇವುಡಾ," ಎಂದು ರಾಮಲಕ್ಷ್ಮಮ್ಮ ಕೆನ್ನೆ ತಟ್ಟಿಕೊಂಡು ಕೈಮುಗಿದಳು. ಒಂದು ಕ್ಷಣ ಅಷ್ಟೇ. "ನೋಡ್ಕೊಂಡ್ ನಿಂತ್ರೆ ತಟ್ಟೇಲೇ ಗೂಡ್ ಕಟ್ತವೆ. ನರ್ಸಮ್ಮ, ನೀವೂ ಕೈ ಹಾಕಿ."

ಹುಳು ಹಣ್ಣಾದ ಹೊತ್ತಿನಲ್ಲಿ ಬಂದವರು ನೆಂಟರೋ ನರ್ಸೋ ಎಂದು ಯಾರೂ ನೋಡುವುದಿಲ್ಲ. ಹಣ್ಣಾದವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿದ ದೊಡ್ಡ ತಟ್ಟೆ, ಹುಳು ಗೂಡು ಕಟ್ಟುವ ಜಾಗ. ಹುಳುವೆಂದರೆ ನನಗೆ ಮೊದಲಿನಿಂದ ಅಸಹ್ಯ. ಆದರೂ ಕೈ ಹಾಕಿದೆ. ತಣ್ಣಗೆ, ಮೆತ್ತಗೆ, ಆಗ ಹುಟ್ಟಿದ ಮಗುವಿನ ಬೆರಳಿನಷ್ಟು ಮೆತ್ತಗೆ ಇದ್ದವು. ನಾನು ಆಯ್ದದ್ದರಲ್ಲಿ ಅರ್ಧವನ್ನು ಲಾವಣ್ಯ, "ಇದು ಕಾಯಿ, ಇದು ಕಾಯಿ," ಎಂದು ವಾಪಸು ಹಾಕಿಸಿದಳು. ಮಧ್ಯಾಹ್ನದ ಹೊತ್ತಿಗೆ ನನಗೂ ಕಣ್ಣು ಪಳಗಿತು. ವಜೀರನೂ ಕೈಕಾಲು ತೊಳೆದು ಬಂದು ಚಂದ್ರಿಕೆಗಳನ್ನು ಹೊತ್ತು ಅಂಗಳದ ಚಪ್ಪರಕ್ಕೆ ಒರಗಿಸಿದ. ನಾಲ್ಕು ಗಂಟೆಗೆ ತಟ್ಟೆಗಳು ಬರಿದಾದವು.

ಆಗ ಲಾವಣ್ಯ ನನ್ನ ಸೆರಗು ಹಿಡಿದು ಒಂದು ಚಂದ್ರಿಕೆಯ ಮುಂದೆ ಕೂರಿಸಿದಳು. ಒಂದು ಹುಳು ತಲೆಯೆತ್ತಿ, ಏನನ್ನೋ ಹುಡುಕುವಂತೆ ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿಸಿತು. ಬಿದಿರಿನ ಒಂದು ಸೀಳಿಗೆ ಬಾಯಿ ತಾಗಿಸಿ ತಲೆಯನ್ನು ಹಿಂದಕ್ಕೆಳೆಯಿತು. ಇಳಿಬಿಸಿಲಿನಲ್ಲಿ ಒಂದೆಳೆ ಮಿನುಗಿತು. ಮತ್ತೆ ಆ ಕಡೆ, ಮತ್ತೆ ಈ ಕಡೆ. ಸೂಜಿಯಿಲ್ಲ, ನೂಲಿನ ಉಂಡೆಯಿಲ್ಲ, ಹೇಳಿಕೊಟ್ಟವರಿಲ್ಲ. ಸುತ್ತ ನೋಡಿದರೆ ಎಲ್ಲ ಚಂದ್ರಿಕೆಗಳಲ್ಲೂ ಸಾವಿರಾರು ತಲೆಗಳು ಹಾಗೇ ಆಡುತ್ತಿದ್ದವು. ಆರು ತಿಂಗಳು ಹೆಣೆದೆನೆಂದು ಮೆರೆದಿದ್ದ ನನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಕಣ್ಣಲ್ಲಿ ನೀರು ಬಂತು.

"ಶುರು ಮಾಡುದ್ರೆ ನಿಲ್ಸಲ್ಲ ನರ್ಸಮ್ಮ," ಎಂದು ಲಾವಣ್ಯ ಪಿಸುಗುಟ್ಟಿದಳು. "ಮೂರ್ ದಿವ್ಸ."

"ಮತ್ತೆ ನೀನು?"

"ನಾನು ಆರಕ್ಕೆ," ಎಂದಳು.

ಮಾರನೆಯ ವರ್ಷವೂ ಆ ಹಳ್ಳಿಗೆ ಸ್ವೆಟರ್ ಹೆಣೆದೆವು. ಟ್ರಂಕಿಗೆ ಗುಳಿಗೆ ಹಾಕಲಿಲ್ಲ. ಇದ್ದಬದ್ದ ಗುಳಿಗೆಯನ್ನೆಲ್ಲ ಬಿಸಾಡಿ, ಟ್ರಂಕನ್ನು ತೊಳೆದು, ವಾರಕ್ಕೊಮ್ಮೆ ಉಣ್ಣೆಯದನ್ನೆಲ್ಲ ಬಿಸಿಲಿಗೆ ಹರವಿದೆ. ಹೊಸ ಸ್ವೆಟರುಗಳು ಉಳಿದವು. ನನ್ನ ರೇಷ್ಮೆ ಸೀರೆಯನ್ನು ಹರವುವುದು ಮರೆತಿದ್ದೆ, ಸೆರಗಿನಲ್ಲಿ ಎರಡು ತೂತು ಬಿದ್ದಿದ್ದವು. ಒಂದರಲ್ಲಿ ಕಿರುಬೆರಳು ತೂರುತ್ತಿತ್ತು. ಕೂಟದ ಹೆಂಗಸರು ಅಯ್ಯೋ ಪಾಪ ಎಂದರು. ಮಡಿಕೆಯ ಅಂಚು ತಪ್ಪಿದರೆ ಊಟ ಬಿಡುವ ನಾನು ಅದನ್ನೇ ಉಟ್ಟು ಆರಾಧನೆಗೂ ಹೋದೆ, ಆಮೇಲೆ ವಜೀರನ ಆಟೋದಲ್ಲಿ ಆ ಹಳ್ಳಿಗೂ ಹೋದೆ.

ಲಾವಣ್ಯ ಊರ ಮುಂದೆ ಅದೇ ಬೇಲಿಯ ಹತ್ತಿರ ಕಾಯುತ್ತಿದ್ದಳು. ಬಿಸಿಲಿಗೆ ವಾಸನೆಯೆಲ್ಲ ಹಾರಿಹೋದ ಹಳೆಯ ಕೆಂಪು ಸ್ವೆಟರ್ ತೊಟ್ಟಿದ್ದಳು, ತೋಳು ಆಗಲೇ ಗಿಡ್ಡವಾಗಿತ್ತು. ಆರನೇ ಕ್ಲಾಸಿನ ಇಂಗ್ಲಿಷ್ ಪುಸ್ತಕ ಕಂಕುಳಲ್ಲಿತ್ತು, ನನಗೆ ಓದಿ ತೋರಿಸಬೇಕೆಂದು ತಂದದ್ದು. ನಾನು ಆಟೋದಿಂದಿಳಿದು ಅಲ್ಲೇ ನಿಂತೆ. ಅವಳು ಹತ್ತಿರ ಬಂದು ನನ್ನ ಸೆರಗನ್ನು ಮೂಗಿಗೆ ಹಿಡಿದು ಚೆನ್ನಾಗಿ ಮೂಸಿದಳು. ತೂತಿನೊಳಗೆ ಬೆರಳು ತೂರಿಸಿ ನಕ್ಕಳು.

"ಬನ್ನಿ ನರ್ಸಮ್ಮ," ಎಂದಳು. "ಒಳಗ್ ಬನ್ನಿ. ಹುಳ ಹಣ್ಣಾಗವೆ."